ಕೆಲಸದ ಕೋಣೆಯ ಗಂಟೆಗಳನ್ನೂ ಪಾಠದ ಲೆಕ್ಕಕ್ಕೆ ಸೇರಿಸಿ

ಶಾಲೆಗಳ ತಪಾಸಣೆ ನಡೆಸಿ ಮಾನ್ಯತೆ ನವೀಕರಿಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆರು, ಏಳು ಮತ್ತು ಎಂಟನೇ ತರಗತಿಗಳು ಮಾತ್ರ ಇರುವ, ಒಟ್ಟು 58 ಮಕ್ಕಳು ಓದುತ್ತಿರುವ ಒಂದು ಸಣ್ಣ ಸ್ವತಂತ್ರ ಮಿಡಲ್ ಸ್ಕೂಲಿನಲ್ಲಿ ನಾನು 14 ವರ್ಷಗಳಿಂದ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದೇನೆ. ಕಳೆದ ವರ್ಷ ನಮ್ಮ ಶಾಲೆಯ ತಪಾಸಣೆ ನಡೆದ ಮೇಲೆ ಕೈಸೇರಿದ ವರದಿಯಲ್ಲಿ ಹೆಚ್ಚಿನದೆಲ್ಲ ನ್ಯಾಯವಾಗಿಯೇ ಇತ್ತು. ಹಾಜರಿ ಪುಸ್ತಕದಲ್ಲಿ ನಾವು ಮಾಡಿದ್ದ ತಪ್ಪುಗಳನ್ನು ತೋರಿಸಿದ್ದರು, ಶೌಚಾಲಯದ ಬಾಗಿಲಿನ ಚಿಲಕ ಕೆಟ್ಟಿದ್ದನ್ನು ಗಮನಿಸಿದ್ದರು, ಎರಡನ್ನೂ ಸರಿಪಡಿಸಿಕೊಂಡೆವು. ಆದರೆ ವರದಿಯ ಕೊನೆಯ ಪುಟದಲ್ಲಿದ್ದ ಒಂದು ಷರಾ ನನ್ನನ್ನು ಇಂದಿಗೂ ಕಾಡುತ್ತಿದೆ. ವಾರಕ್ಕೆ 6 ಗಂಟೆ, ಮಕ್ಕಳು ಮರಗೆಲಸದಂಥ ಕೈಕೆಲಸ ಮಾಡುವ ಕೆಲಸದ ಕೋಣೆಯಲ್ಲಿಯೂ 1 ಗಂಟೆ ಶಾಲಾ ಸಭೆಯಲ್ಲಿಯೂ ಕಳೆಯುತ್ತಿರುವುದರಿಂದ ಒಟ್ಟು 7 ಗಂಟೆಗಳ ಬೋಧನಾ ಅವಧಿ ನಷ್ಟವಾಗುತ್ತಿದೆಯೆಂದೂ ಅದನ್ನು ತುಂಬಿಕೊಡಲು ಶಾಲೆಯು ಕ್ರಮ ಕೈಗೊಳ್ಳಬೇಕೆಂದೂ ಅಲ್ಲಿ ಬರೆದಿತ್ತು.

ಆ ಷರಾ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬೆಳಿಗ್ಗೆ ಬಂದು ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ಹೊರಡಬೇಕಾಗಿತ್ತು. ಅದೇ ದಿನ ಇನ್ನೊಂದು ಶಾಲೆಯ ತಪಾಸಣೆಯೂ ಇತ್ತು. ಕೈಯಲ್ಲಿದ್ದ ನಮೂನೆಯಲ್ಲಿ ವಿಷಯ, ಪೀರಿಯಡ್, ಮುಗಿದಿರುವ ಪಾಠಗಳ ಸಂಖ್ಯೆ, ಇಷ್ಟಕ್ಕೆ ಮಾತ್ರ ಕಾಲಂಗಳಿದ್ದವು. ಕಾಲಂ ಇಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದು ತಾನಾಗಿಯೇ ನಷ್ಟದ ಬಾಬ್ತಿಗೆ ಸೇರುತ್ತದೆ. ಹಾಗಾಗಿ ನಾನು ಈ ಪತ್ರವನ್ನು ಒಬ್ಬ ಅಧಿಕಾರಿಗೆ ಬರೆಯದೆ, ಆ ನಮೂನೆಯನ್ನು ರೂಪಿಸುವ ಮತ್ತು ಬಳಸುವ ಎಲ್ಲರಿಗೂ ಬರೆಯುತ್ತಿದ್ದೇನೆ. ನಮಗೆ ರಿಯಾಯಿತಿ ಬೇಕಾಗಿಲ್ಲ. ಆ 7 ಗಂಟೆಗಳನ್ನು ಪಾಠವೆಂದೇ ಎಣಿಸಿ, ಪಾಠವನ್ನು ಪರಿಶೀಲಿಸುವಷ್ಟೇ ಬಿಗಿಯಾಗಿ ಪರಿಶೀಲಿಸಿ ಎಂಬುದಷ್ಟೇ ನನ್ನ ಕೋರಿಕೆ.

ಕೆಲಸದ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಂದೇ ಉದಾಹರಣೆಯಿಂದ, ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ. ಏಳನೇ ತರಗತಿಯ ಐದು ಮಕ್ಕಳ ಗುಂಪೊಂದು ಗ್ರಂಥಾಲಯದ ಮೂಲೆಗೆ ಪುಸ್ತಕದ ಕಪಾಟು ಮಾಡಲು ಹೊರಟಿತ್ತು. ಎರಡು ಪಕ್ಕದ ಹಲಗೆಗಳು ಸಿದ್ಧವಾಗಿದ್ದವು. ಅವುಗಳ ನಡುವೆ ಕೂರಿಸಲು ಒಂದೇ ಅಳತೆಯ ಐದು ಅಡ್ಡ ಹಲಗೆಗಳು ಬೇಕಾಗಿದ್ದವು. ಮುಂದಿದ್ದದ್ದು 200 ಸೆಂಟಿಮೀಟರ್ ಉದ್ದದ ಒಂದು ಹಲಗೆ. ಇನ್ನೂರನ್ನು ಐದರಿಂದ ಭಾಗಿಸಿದರೆ ನಲವತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು ನನಗೆ ತೋರಿಸಿದರು. ಲೆಕ್ಕ ಸರಿಯಾಗಿತ್ತು, ನಾನು ಸರಿ ಎಂದೆ. 40ಕ್ಕೆ ಗುರುತು ಹಾಕಿ, ಮೂಲೆಮಟ್ಟ ಇಟ್ಟು ಗೆರೆ ಎಳೆದು, ಒಬ್ಬರು ಹಲಗೆಯನ್ನು ಅದುಮಿ ಹಿಡಿದು ಇನ್ನೊಬ್ಬರು ಗರಗಸ ಆಡಿಸಿ ಮೊದಲ ತುಂಡು ತೆಗೆದರು. ಉಳಿದ ಹಲಗೆಯ ತುದಿಯಿಂದ ಮತ್ತೆ 40 ಅಳೆದು ಎರಡನೆಯದು, ಹಾಗೆಯೇ ಮೂರನೆಯದು, ನಾಲ್ಕನೆಯದು. ನಾಲ್ಕು ಸಲ ಕೊಯ್ದ ಮೇಲೆ ಉಳಿದದ್ದೇ ಐದನೆಯ ತುಂಡು. ಅದನ್ನು ಅಳೆಯಬೇಕೆಂದು ಯಾರಿಗೂ ತೋಚಲಿಲ್ಲ. ಜೋಡಿಸುವ ದಿನ ನಾಲ್ಕು ಹಲಗೆಗಳು ಬಿಗಿಯಾಗಿ ಕೂತವು. ಐದನೆಯದು ಕೈಬಿಟ್ಟ ಕೂಡಲೇ ಧಡ್ ಎಂದು ಕೆಳಗೆ ಬಿತ್ತು. ಎತ್ತಿ ಅಳೆದರೆ 39.2 ಸೆಂಟಿಮೀಟರ್.

ಮೊದಲ ಹತ್ತು ನಿಮಿಷ ದೂರುಗಳಲ್ಲೇ ಹೋಯಿತು. ಗರಗಸ ಹಿಡಿದವನು ಗೆರೆ ತಪ್ಪಿಸಿದ ಎಂದು ಒಬ್ಬಳು, ಅಳತೆಯ ಟೇಪು ಸವೆದಿದೆ ಎಂದು ಒಬ್ಬ, ಹಲಗೆ ಮೊದಲಿನಿಂದಲೇ 200 ಇರಲಿಲ್ಲ ಎಂದು ಇನ್ನೊಬ್ಬ. ನಾನು ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿದ್ದೂ ಬಾಯಿ ಬಿಡದಿರುವುದು ಈ ಕೋಣೆಯಲ್ಲಿ ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಕೊನೆಗೆ, ಗುಂಪಿನಲ್ಲಿ ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ನೆಲದ ಮೇಲೆ ಬಿದ್ದಿದ್ದ ಮರದ ಪುಡಿಯನ್ನು ಬೆರಳಿನಿಂದ ಒತ್ತಿ ನೋಡುತ್ತಾ, “ಇದೂ ಹಲಗೆಯದ್ದೇ ಅಲ್ವಾ?” ಎಂದಳು. ಮುಂದಿನದನ್ನು ಅವರೇ ಮಾಡಿದರು. ಬೇಡದ ಚೂರೊಂದಕ್ಕೆ ಅರ್ಧದವರೆಗೆ ಗರಗಸ ಹಾಕಿ ಆ ಸೀಳಿನ ಅಗಲ ಅಳೆದಾಗ 2 ಮಿಲಿಮೀಟರ್ ಬಂತು. ನಾಲ್ಕು ಸೀಳಿಗೆ 8 ಮಿಲಿಮೀಟರ್. ಗರಗಸ ತಿಂದದ್ದು ಅಷ್ಟು, ಐದನೆಯ ಹಲಗೆಗೆ ಕಡಿಮೆಯಾದದ್ದೂ ಅಷ್ಟೇ.

ಆ ಹಲಗೆಯನ್ನು ಅವರು ಎಸೆಯಲಿಲ್ಲ. ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಪಟ್ಟಿ ಹೊಡೆದು ಅದರ ಮೇಲೆ ಕೂರಿಸಿದರು. ಮರುದಿನ ಗಣಿತದ ತರಗತಿಯಲ್ಲಿ ನಾನು ಅದೇ ಹಲಗೆಯ ಚಿತ್ರ ಬರೆದು, ಐದು ತುಂಡುಗಳೂ ನಿಜವಾಗಿ ಸಮವಾಗಿರಬೇಕಾದರೆ ಪ್ರತಿಯೊಂದೂ ಎಷ್ಟಿರಬೇಕಿತ್ತು ಎಂದು ಕೇಳಿದೆ. ಐದು ತುಂಡಿಗೆ ನಾಲ್ಕೇ ಸೀಳು ಎಂಬುದರ ಮೇಲೆ ಸ್ವಲ್ಪ ಜಗಳವಾಯಿತು. ಆಮೇಲೆ ಬೋರ್ಡಿನ ಮೇಲೆ ಬಂದ ಸಮೀಕರಣ ಹೀಗಿತ್ತು: ಐದು ತುಂಡುಗಳ ಉದ್ದಕ್ಕೆ 0.8 ಕೂಡಿಸಿದರೆ 200. ಆದ್ದರಿಂದ ಒಂದು ತುಂಡು 39.84 ಸೆಂಟಿಮೀಟರ್. ಸರಳ ಸಮೀಕರಣಗಳ ಪಾಠವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಅಜ್ಞಾತ ಸಂಖ್ಯೆಯೆಂದರೆ ಪುಸ್ತಕದವರು ಬೇಕೆಂದೇ ಬಚ್ಚಿಟ್ಟ ಸಂಖ್ಯೆ ಎಂದು ಮಕ್ಕಳು ತಿಳಿದುಕೊಂಡಿರುತ್ತಾರೆ. ಅಂದು ಮೊದಲ ಬಾರಿಗೆ ಆ ಸಂಖ್ಯೆ ಅವರಿಗೇ ಬೇಕಾಗಿತ್ತು.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಆ ಕಪಾಟಿಗೆ ಎರಡು ವಾರಗಳ ಕೆಲಸದ ಅವಧಿ ಪೂರ್ತಿ ಹಿಡಿಯಿತು. ಅಳತೆಯ ಪಾಠವನ್ನು ಪುಸ್ತಕದಿಂದ ಮೂರು ಪೀರಿಯಡ್‌ನಲ್ಲಿ ಮುಗಿಸಬಹುದು. ಮುಗಿಸುವುದೇ ಗುರಿಯಾದರೆ ನಾವು ಸೋತಿದ್ದೇವೆ. ಆದರೆ ಕೆಲವು ತಿಂಗಳ ನಂತರ ಕೈತೋಟದಲ್ಲಿ ಜಾಗವನ್ನು ಆರು ಪಾತಿಗಳಾಗಿ ಹಂಚುವಾಗ, ಅಳೆಯುವ ಮೊದಲೇ ಅದೇ ಗುಂಪಿನ ಹುಡುಗನೊಬ್ಬ, ಪಾತಿಗಳ ನಡುವೆ ಓಡಾಡುವ ದಾರಿಗೆ ಎಷ್ಟು ಬಿಡಬೇಕು, ಅಂಥ ದಾರಿ ಐದೋ ಆರೋ ಎಂದು ಕೇಳಿದ. ಮರದಲ್ಲಿ ಕಲಿತದ್ದನ್ನು ಮಣ್ಣಿನಲ್ಲಿ ಬಳಸಿದ ಆ ಪ್ರಶ್ನೆಗೆ ತಮ್ಮ ನಮೂನೆಯಲ್ಲಿ ಒಂದು ಕಾಲಂ ಇರಬೇಕೆಂದು ನಾನು ಕೇಳುತ್ತಿದ್ದೇನೆ.

ಇದು ನಮ್ಮ ಶಾಲೆ ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಫಿನ್ಲೆಂಡಿನಲ್ಲಿ ಶಿಕ್ಷಣತಜ್ಞ ಊನೊ ಸಿಗ್ನೇಯಸ್ ಅವರ ಒತ್ತಾಸೆಯಿಂದ ಕೈಕೆಲಸವು 1866ರಷ್ಟು ಹಿಂದೆಯೇ ಜನಸಾಮಾನ್ಯರ ಶಾಲೆಗಳ ಕಡ್ಡಾಯ ವಿಷಯವಾಯಿತು. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರ ಜನವರಿಯಲ್ಲಿ 16 ಮಕ್ಕಳೊಂದಿಗೆ ಆರಂಭಿಸಿದ ಶಾಲೆಯಲ್ಲಿ ಅಡುಗೆ, ನೇಯ್ಗೆ ಮತ್ತು ಮರಗೆಲಸಗಳೇ ವಿಜ್ಞಾನಕ್ಕೂ ಚರಿತ್ರೆಗೂ ಬಾಗಿಲುಗಳಾಗಿದ್ದವು. ಫ್ರಾನ್ಸಿನ ಹಳ್ಳಿಯ ಮೇಷ್ಟ್ರು ಸೆಲೆಸ್ತ್ಯಾಂ ಫ್ರೆನೆ ಅವರ ಕಥೆ ನನಗೆ ಇನ್ನೂ ಹತ್ತಿರದ್ದು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದರಿಂದ ಅವರಿಗೆ ದೀರ್ಘಕಾಲ ನಿಂತು ಪಾಠ ಹೇಳುವ ಶಕ್ತಿಯಿರಲಿಲ್ಲ. 1924ರಲ್ಲಿ ಅವರು ತರಗತಿಗೆ ಒಂದು ಸಣ್ಣ ಮುದ್ರಣ ಯಂತ್ರವನ್ನೇ ತಂದರು. ಮಕ್ಕಳು ತಾವು ಬರೆದದ್ದನ್ನು ತಾವೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿ ಬೇರೆ ಶಾಲೆಯ ಮಕ್ಕಳಿಗೆ ಕಳುಹಿಸುತ್ತಿದ್ದರು. ಒಂದೊಂದೇ ಮೊಳೆಯನ್ನು ಹುಡುಕಿ ಸಾಲಿಗೆ ಇಡುವ ಮಗುವಿಗೆ ಕಾಗುಣಿತದ ತಪ್ಪು ಕೆಂಪು ಶಾಯಿಯ ಗುರುತಿಗಿಂತ ಚೆನ್ನಾಗಿ ಕಾಣಿಸಿರಬೇಕು ಎಂದು ನನಗೆ ಅನ್ನಿಸುತ್ತದೆ.

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವರ್ಧಾದಲ್ಲಿ ನಡೆದ ಸಮ್ಮೇಳನವು 7 ವರ್ಷಗಳ ಶಿಕ್ಷಣ ಮಾತೃಭಾಷೆಯಲ್ಲಿ, ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ನಡೆಯಬೇಕೆಂದು ನಿರ್ಣಯಿಸಿದ್ದು, ಜಾಕಿರ್ ಹುಸೇನ್ ಅವರ ಸಮಿತಿ ಅದಕ್ಕೆ ಪಠ್ಯಕ್ರಮ ಸಿದ್ಧಪಡಿಸಿದ್ದು ತಮಗೆ ತಿಳಿದೇ ಇದೆ. ಆ ಯೋಜನೆಯ ಜೀವಾಳ ಕಸುಬಿಗೂ ಲೆಕ್ಕಕ್ಕೂ ಭಾಷೆಗೂ ನಡುವೆ ಇರಬೇಕಾದ ಕೊಂಡಿಯಲ್ಲಿತ್ತು. ಕೊಂಡಿ ಕಳಚಿದರೆ ಉಳಿಯುವುದು ನೂಲಿನ ಲೆಕ್ಕ ಮಾತ್ರ. ನಮ್ಮ ಕಾಲದಲ್ಲಿಯೂ ಅದೇ ಅಪಾಯ ಇದೆ. ಕೈಕೆಲಸವನ್ನು ಶನಿವಾರದ ಕೊನೆಯ ಪೀರಿಯಡ್‌ಗೆ ಹಾಕಿ, ಗಣಿತವನ್ನು ಸೋಮವಾರಕ್ಕೆ ಇಟ್ಟು, ಎರಡನ್ನೂ ಪರಸ್ಪರ ಮಾತನಾಡದ ಇಬ್ಬರು ಶಿಕ್ಷಕರಿಗೆ ವಹಿಸಿದರೆ ಆ ಕೊಂಡಿ ಯಾವ ಮಗುವಿನ ತಲೆಯಲ್ಲೂ ತಾನಾಗಿ ಹುಟ್ಟುವುದಿಲ್ಲ.

ಇಷ್ಟು ಕೇಳಿದ ಮೇಲೆ ತಾವು ಕೇಳುವ ಪ್ರಶ್ನೆ, ಪೋಷಕರೂ ನನ್ನನ್ನು ಪ್ರತಿ ವರ್ಷ ಕೇಳುವ ಪ್ರಶ್ನೆಯೇ ಆಗಿರುತ್ತದೆ: ಮುಂದಿನ ತರಗತಿಗಳಲ್ಲಿ ಈ ಮಕ್ಕಳು ಹಿಂದೆ ಬೀಳುವುದಿಲ್ಲವೇ? ಇದಕ್ಕೆ ಹತ್ತಿರದ ಒಂದು ಪ್ರಶ್ನೆಯನ್ನು ಅಮೆರಿಕದಲ್ಲಿ 1930ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿ ನೋಡಿದ್ದಾರೆ. ಸುಮಾರು 30 ಪ್ರೌಢಶಾಲೆಗಳಿಗೆ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವ ಸ್ವಾತಂತ್ರ್ಯ ಕೊಡಲಾಯಿತು, ಕಾಲೇಜುಗಳು ಆ ಶಾಲೆಗಳ ಮಕ್ಕಳಿಗೆ ತಮ್ಮ ಎಂದಿನ ಪ್ರವೇಶ ನಿಯಮಗಳನ್ನು ಸಡಿಲಿಸಿದವು. ಎಂಟು ವರ್ಷಗಳ ಅಧ್ಯಯನ ಎಂದೇ ಹೆಸರಾದ ಆ ಪ್ರಯೋಗದಲ್ಲಿ, ಅಲ್ಲಿಂದ ಬಂದ ಒಬ್ಬೊಬ್ಬ ವಿದ್ಯಾರ್ಥಿಗೂ ಸಾಂಪ್ರದಾಯಿಕ ಶಾಲೆಯಿಂದ ಬಂದ, ವಯಸ್ಸು, ಸಾಮರ್ಥ್ಯ, ಮನೆಯ ಹಿನ್ನೆಲೆಗಳಲ್ಲಿ ಸರಿಹೊಂದುವ ಮತ್ತೊಬ್ಬರನ್ನು ಜೋಡಿಸಿ, 1,475 ಜೋಡಿಗಳನ್ನು ಕಾಲೇಜಿನಲ್ಲಿ ಹೋಲಿಸಿ ನೋಡಿದರು. ಹೊಸ ಬಗೆಯ ಶಾಲೆಗಳವರು ಹಿಂದೆ ಬೀಳಲಿಲ್ಲ. ಒಟ್ಟಾರೆ ಅಂಕಗಳಲ್ಲಿ ಅವರೇ ಕೊಂಚ ಮುಂದಿದ್ದರು, ಹೆಚ್ಚು ಧೈರ್ಯದಿಂದ ಬದಲಾವಣೆ ಮಾಡಿಕೊಂಡ ಶಾಲೆಗಳ ಮಕ್ಕಳು ಇನ್ನೂ ಮುಂದಿದ್ದರು. ಅದು ಬೇರೆ ದೇಶ, ಬೇರೆ ಕಾಲ, ನಮ್ಮದಕ್ಕಿಂತ ದೊಡ್ಡ ಮಕ್ಕಳು. ನಮ್ಮ ಶಾಲೆಯ ಪರವಾಗಿ ಅದನ್ನು ಸಾಕ್ಷಿ ನಿಲ್ಲಿಸುವುದಿಲ್ಲ. ಗಂಟೆಗಳನ್ನು ಬೇರೆ ರೀತಿಯಲ್ಲಿ ಕಳೆದರೆ ಅಷ್ಟೂ ನಷ್ಟವೇ ಎಂಬ ಊಹೆಯನ್ನು ಅದು ಸಡಿಲಿಸಿದರೆ ಸಾಕು.

ಈ ವಯಸ್ಸಿನ ಬಗ್ಗೆಯೂ ಒಂದು ಮಾತು. ಹನ್ನೊಂದರಿಂದ ಹದಿನಾಲ್ಕರವರೆಗಿನ ಮಗು ಒಂದು ವರ್ಷ ಇದ್ದಂತೆ ಮರುವರ್ಷ ಇರುವುದಿಲ್ಲ. ಮೈ ಬೆಳೆಯುತ್ತಿರುತ್ತದೆ, ಯೋಚಿಸಿ ತಡೆದು ನಡೆಯುವುದಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಕು, ಓರಗೆಯವರ ಕಣ್ಣು ಮಾತ್ರ ದಿನವಿಡೀ ಮೈಮೇಲೆ ಇರುತ್ತದೆ. ಶಿಕ್ಷಕರ ಮೆಚ್ಚುಗೆಗಿಂತ ಪಕ್ಕದವರ ನಗು ಅವರಿಗೆ ದೊಡ್ಡದು. ಇಂಥ ಮಕ್ಕಳನ್ನು ದಿನಕ್ಕೆ ಆರು ಗಂಟೆ ಬೆಂಚಿನ ಮೇಲೆ ಮುಂದೆ ನೋಡಿಕೊಂಡು ಕೂರಿಸುವುದೇ ಸಹಜ ಎಂದು ನಾವು ಯಾವಾಗ ಒಪ್ಪಿಕೊಂಡೆವೋ ಗೊತ್ತಿಲ್ಲ. ಪುಟಾಣಿಗಳ ಶಿಕ್ಷಣಕ್ಕೆ ಹೆಸರಾದ ಮರಿಯಾ ಮಾಂಟೆಸರಿಯವರು ಹನ್ನೆರಡು ದಾಟಿದ ಮಕ್ಕಳಿಗಾಗಿ ಬೇರೆಯೇ ವ್ಯವಸ್ಥೆಯನ್ನು ಸೂಚಿಸಿದ್ದರು: ಮಕ್ಕಳು ಜಮೀನಿನ ಮೇಲೆ ಒಟ್ಟಿಗೆ ಇದ್ದು, ಬೆಳೆದು, ಮಾರಿ, ಲೆಕ್ಕ ಇಟ್ಟು, ದೊಡ್ಡವರ ಲೋಕದಲ್ಲಿ ತಾವೂ ಬೇಕಾದವರು ಎಂಬುದನ್ನು ಅನುಭವಿಸಬೇಕು ಎಂದು. ನಮಗೆ ಜಮೀನಿಲ್ಲ, ಆರು ಪಾತಿಗಳಿವೆ. ಅಷ್ಟಾದರೂ ಇರಲಿ ಎಂದು ಅವನ್ನು ಉಳಿಸಿಕೊಂಡಿದ್ದೇವೆ.

ಇನ್ನು ವಾರಕ್ಕೊಮ್ಮೆ ನಡೆಯುವ ಸಭೆ. ಷರಾದಲ್ಲಿ ಅದಕ್ಕೆ ಇದ್ದದ್ದು ಒಂದೇ ಪದ, “ಪಠ್ಯೇತರ”. 58 ಮಕ್ಕಳು, 6 ಶಿಕ್ಷಕರು ಮತ್ತು ಶಾಲೆಯನ್ನು ಗುಡಿಸಿ ಒರೆಸಿ ನೋಡಿಕೊಳ್ಳುವ ಇಬ್ಬರು ಸಿಬ್ಬಂದಿ ದುಂಡಗೆ ಕೂರುತ್ತೇವೆ. ಅಧ್ಯಕ್ಷತೆ ಎಂಟನೇ ತರಗತಿಯವರದ್ದು, ವಾರಕ್ಕೊಬ್ಬರಂತೆ ಸರದಿ. ಯಾರು ಬೇಕಾದರೂ ಚೀಟಿ ಬರೆದು ಪೆಟ್ಟಿಗೆಯಲ್ಲಿ ಹಾಕಿದ ವಿಷಯ ಚರ್ಚೆಗೆ ಬರುತ್ತದೆ, ಶಿಕ್ಷಕರಿಗೂ ಒಂದೇ ಮತ. ನಡಾವಳಿ ಬರೆಯುವವರು ಏಳನೆಯ ತರಗತಿಯವರು. ತಮಗೆ ಒಪ್ಪಿಗೆಯಿಲ್ಲದ ಮಾತನ್ನೂ ಆಡಿದವರು ಒಪ್ಪುವ ಹಾಗೆ ಬರೆಯಬೇಕು. “ನಾನು ಹಾಗೆ ಹೇಳಲಿಲ್ಲ” ಎಂದು ಮುಂದಿನ ವಾರ ಯಾರಾದರೂ ಎದ್ದು ನಿಂತರೆ ವಾಕ್ಯ ತಿದ್ದಬೇಕು. ಭಾಷಾ ಶಿಕ್ಷಕರಾದ ನನ್ನ ಸಹೋದ್ಯೋಗಿ ಹೇಳುವಂತೆ, ವರದಿ ಬರೆಯುವುದನ್ನು ಕಲಿಸಲು ಇದಕ್ಕಿಂತ ಬಿಗಿಯಾದ ಪರೀಕ್ಷೆಯನ್ನು ಅವರು ಈವರೆಗೆ ಕಂಡಿಲ್ಲ.

ಎರಡು ವರ್ಷಗಳ ಹಿಂದಿನ ಸಂಗತಿ. ಕೆಲಸದ ಕೋಣೆಯ ಗೋಡೆಯ ಮೇಲೊಂದು ಹಲಗೆಯಿದೆ. ಅದರ ಮೇಲೆ ಪ್ರತಿ ಉಪಕರಣದ ಆಕಾರಕ್ಕೂ ಗೆರೆ ಎಳೆದಿರುವುದರಿಂದ ಯಾವುದು ಇಲ್ಲವೋ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಅಂದು ಸಣ್ಣ ಸುತ್ತಿಗೆಯ ಜಾಗ ಬರಿದಾಗಿತ್ತು. ವಾರ ಕಳೆದರೂ ಬರಲಿಲ್ಲ, ಚೀಟಿ ಪೆಟ್ಟಿಗೆಗೆ ಬಿತ್ತು. ಸಭೆಯಲ್ಲಿ ಮೊದಲು ಬಂದ ಸಲಹೆ ಎಲ್ಲರ ಚೀಲ ಹುಡುಕಬೇಕೆಂಬುದು. ಹಲವರು ಹೌದೆಂದರು, ನಿಜ ಹೇಳಬೇಕೆಂದರೆ ನನಗೂ ಅದು ಸುಲಭದ ದಾರಿಯಾಗಿ ಕಂಡಿತು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಚೀಲ ಹುಡುಕಿದರೆ ಸುತ್ತಿಗೆ ಸಿಗಬಹುದು, ಆದರೆ ನಾಳೆಯಿಂದ ಅವರು ನಮ್ಮ ಜೊತೆ ಹೇಗೆ ಕೂತುಕೊಳ್ತಾರೆ?” ಎಂದು ಕೇಳಿದಳು. ಆ ವಾರ ತೀರ್ಮಾನವಾಗಲಿಲ್ಲ. ಮುಂದಿನ ವಾರ ಇನ್ನೊಬ್ಬ ಹುಡುಗ ಬೇರೆ ಮಾತು ಎತ್ತಿದ: ಮನೆಯಲ್ಲಿ ಏನಾದರೂ ಮಾಡಬೇಕೆಂದು ಯಾರಿಗಾದರೂ ಅನ್ನಿಸಿದರೆ ಉಪಕರಣವನ್ನು ಕೇಳಿ ಒಯ್ಯುವ ದಾರಿಯೇ ನಮ್ಮಲ್ಲಿ ಇಲ್ಲವಲ್ಲ ಎಂದು. ಹಾಗೆ ಒಂದು ರಿಜಿಸ್ಟರ್ ಬಂತು. ಹೆಸರು, ಉಪಕರಣ, ಒಯ್ದ ದಿನ, ತಂದ ದಿನ. ಮೂರನೆಯ ವಾರ ಬೆಳಿಗ್ಗೆ ನಾನು ಕೋಣೆಯ ಬೀಗ ತೆಗೆದ ಸ್ವಲ್ಪ ಹೊತ್ತಿಗೆ ಸುತ್ತಿಗೆ ಗೆರೆಯೊಳಗೆ ನೇತಾಡುತ್ತಿತ್ತು. ರಿಜಿಸ್ಟರಿನ ಮೊದಲ ಸಾಲಿನಲ್ಲಿ ಆರನೆಯ ತರಗತಿಯ ಮಗುವೊಂದು ತನ್ನ ಪೂರ್ತಿ ಹೆಸರು ಬರೆದು, ಒಯ್ದ ದಿನದ ಕಾಲಂನಲ್ಲಿ “ನೆನಪಿಲ್ಲ” ಎಂದೂ ತಂದ ದಿನದ ಕಾಲಂನಲ್ಲಿ “ಇವತ್ತು” ಎಂದೂ ಬರೆದಿತ್ತು. ಆ ಬಗ್ಗೆ ಸಭೆಯಲ್ಲಿ ಯಾರೂ ಮತ್ತೆ ಮಾತೆತ್ತಲಿಲ್ಲ. ರಿಜಿಸ್ಟರ್ ಈಗಲೂ ಬಳಕೆಯಲ್ಲಿದೆ.

ನನ್ನ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಒಮ್ಮೆ ಇಬ್ಬರು ಹುಡುಗರು ಸೇರಿ ಮಾಡಿದ್ದ ಸೇತುವೆಯ ಮಾದರಿ ಮುರಿದಿತ್ತು, ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ನನಗೆ ಮುಂದಿನ ತರಗತಿಗೆ ಹೊತ್ತಾಗಿತ್ತು. ಬಾಗಿಲ ಬಳಿ ನಿಂತೇ ಎರಡು ಮಾತು ಕೇಳಿ ಯಾರದು ತಪ್ಪು ಎಂದು ತೀರ್ಪು ಕೊಟ್ಟು ಹೋದೆ. ತೀರ್ಪು ಸರಿಯಾಗಿದ್ದಿರಲೂಬಹುದು. ಆದರೆ ಆಮೇಲೆ ಸುಮಾರು ಒಂದು ತಿಂಗಳು ಸಭೆಯ ಪೆಟ್ಟಿಗೆಗೆ ಒಂದು ಚೀಟಿಯೂ ಬೀಳಲಿಲ್ಲ. ಕಾರಣ ಕೇಳಿದಾಗ ಒಬ್ಬಳು, “ನೀವೇ ತೀರ್ಮಾನ ಮಾಡಿಬಿಡ್ತೀರಲ್ಲ ಟೀಚರ್, ಮತ್ತೆ ಸಭೆ ಯಾಕೆ?” ಎಂದಳು. ಮುಂದಿನ ಸಭೆಗೆ ನಾನೇ ನನ್ನ ಮೇಲೆ ಚೀಟಿ ಬರೆದು ಹಾಕಿ, ಎಲ್ಲರೆದುರು ಕ್ಷಮೆ ಕೇಳಿದೆ. ಪೋಲೆಂಡಿನ ವಾರ್ಸಾದಲ್ಲಿ 1912ರಿಂದ ಅನಾಥ ಮಕ್ಕಳ ಮನೆಯೊಂದನ್ನು ನಡೆಸಿದ ವೈದ್ಯ ಯಾನುಷ್ ಕೊರ್ಚಾಕ್ ಅಲ್ಲಿ ಮಕ್ಕಳದೇ ನ್ಯಾಯಾಲಯವನ್ನು ಕಟ್ಟಿದ್ದರು. ಅದರ ನಿಯಮಾವಳಿಯ ಮೊದಲ ಭಾಗ ಪೂರ್ತಿ ಕ್ಷಮಿಸುವುದಕ್ಕೇ ಮೀಸಲಾಗಿತ್ತು, ಸ್ವತಃ ಕೊರ್ಚಾಕ್ ಕೂಡ ಆ ಮಕ್ಕಳ ಮುಂದೆ ವಿಚಾರಣೆಗೆ ನಿಂತಿದ್ದರು. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಶಿಬಿರಕ್ಕೆ ಒಯ್ದಾಗ ಅವರನ್ನು ಬಿಟ್ಟು ಉಳಿಯಲು ಒಪ್ಪದೆ ಅವರೊಂದಿಗೇ ಹೋಗಿ ಪ್ರಾಣ ಕೊಟ್ಟವರು ಅವರು. ಅಂಥವರ ಹೆಸರನ್ನು ನನ್ನ ಸಣ್ಣ ತಪ್ಪಿನ ಪಕ್ಕದಲ್ಲಿ ಬರೆಯಲು ಸಂಕೋಚವಾಗುತ್ತದೆ. ಆದರೂ ಶಿಕ್ಷಕರು ಮಕ್ಕಳಿಗೆ ಉತ್ತರ ಕೊಡಬೇಕಾದವರು ಎಂಬುದನ್ನು ನಾನು ಕಲಿತದ್ದು ಅವರಿಂದಲೇ.

ಸಣ್ಣ ಶಾಲೆಯಾದ್ದರಿಂದ ಇದೆಲ್ಲ ಸಾಧ್ಯವಾಗುತ್ತದೆ ಎಂಬುದು ನಿಜ. ಗಣಿತ ಹೇಳುವ ನಾನೇ ಕೆಲಸದ ಕೋಣೆಯಲ್ಲೂ ಇರುವುದರಿಂದ ಕಪಾಟಿನ ಹಲಗೆ ಮರುದಿನ ಬೋರ್ಡಿಗೆ ಬರುತ್ತದೆ. 58 ಜನ ಒಂದೇ ದುಂಡಿನಲ್ಲಿ ಕೂತರೆ ಪ್ರತಿಯೊಬ್ಬರ ಮುಖವೂ ಕಾಣುತ್ತದೆ. ಆದರೆ ಸಣ್ಣದರ ಕೆಡುಕನ್ನೂ ನಾವು ಉಂಡಿದ್ದೇವೆ. ತರಗತಿಯಲ್ಲಿ 19 ಮಕ್ಕಳಿದ್ದು ಇಬ್ಬರು ಮುನಿಸಿಕೊಂಡರೆ ಬೇರೆ ವಿಭಾಗಕ್ಕೆ ಹೋಗುವ ದಾರಿಯಿಲ್ಲ. ಸ್ನೇಹಿತರೇ ಸಿಗದೆ ಒಂದೇ ವರ್ಷಕ್ಕೆ ನಮ್ಮನ್ನು ಬಿಟ್ಟುಹೋದ ಹುಡುಗಿಯೊಬ್ಬಳಿದ್ದಾಳೆ. ಅವಳು ಊಟದ ಹೊತ್ತಿನಲ್ಲಿ ಒಬ್ಬಳೇ ಗ್ರಂಥಾಲಯದಲ್ಲಿ ಕೂರುತ್ತಿದ್ದುದನ್ನು ಓದಿನ ಆಸಕ್ತಿ ಎಂದು ನಾವು ತಿಳಿದಿದ್ದೆವು. ಎಲ್ಲರೂ ಎಲ್ಲರನ್ನೂ ಬಲ್ಲ ಜಾಗದಲ್ಲಿ ಹೀಗಾಯಿತು. ಅದರ ನಂತರ ಊಟದ ಹೊತ್ತಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಶಿಕ್ಷಕರು ಪ್ರತಿ ತಿಂಗಳೂ ಕೂತು ಚರ್ಚಿಸುತ್ತೇವೆ. ಶುಲ್ಕ ಕೊಡಲಾಗದವರಿಗೆ ನಮ್ಮಲ್ಲಿರುವ ಸೀಟುಗಳು ಸಾಲವು ಎಂಬುದೂ ಸತ್ಯ. ತಾವು ಆ ಬಗ್ಗೆ ಷರಾ ಬರೆದಿದ್ದರೆ ನಾನು ತಲೆಬಾಗಿ ಒಪ್ಪುತ್ತಿದ್ದೆ.

ಆಕ್ಷೇಪಗಳಲ್ಲಿ ಸುರಕ್ಷತೆಯದ್ದು ಮೊದಲನೆಯದು, ಅದು ನ್ಯಾಯವಾದದ್ದೇ. ಗರಗಸವೂ ಉಳಿಯೂ ಮಕ್ಕಳ ಕೈಯಲ್ಲಿರುತ್ತವೆ. ಕನ್ನಡಕ ಹಾಕದೆ, ಕೂದಲು ಕಟ್ಟದೆ ಯಾರೂ ಒಳಗೆ ಬರುವಂತಿಲ್ಲ. ಮರವನ್ನು ಮೇಜಿನ ವೈಸ್‌ನಲ್ಲಿ ಬಿಗಿಯದೆ ಉಳಿ ಎತ್ತುವಂತಿಲ್ಲ, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರಬೇಕು. ಮೊಂಡು ಉಪಕರಣಕ್ಕೆ ಹೆಚ್ಚು ಬಲ ಹಾಕಬೇಕಾಗಿ ಅದು ಜಾರುವುದರಿಂದ, ಹರಿತವಾದದ್ದಕ್ಕಿಂತ ಅದೇ ಹೆಚ್ಚು ಅಪಾಯಕಾರಿ ಎಂಬುದನ್ನು ಮಕ್ಕಳಿಗೆ ಮೊದಲ ವಾರವೇ ತೋರಿಸಿಕೊಡುತ್ತೇವೆ. ಇವನ್ನು ತಾವು ಒಂದೊಂದಾಗಿ ಪರಿಶೀಲಿಸಬೇಕು, ಸಡಿಲ ಕಂಡರೆ ಕೋಣೆಗೆ ಬೀಗ ಹಾಕಿಸಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದ ಪ್ರಬಂಧದಲ್ಲಿ, ವಿಷಯಕ್ಕೆ ಹೊಸಬರಾದವರನ್ನು ಮಾರ್ಗದರ್ಶನವಿಲ್ಲದೆ ತಾವೇ ಕಂಡುಕೊಳ್ಳಲಿ ಎಂದು ಬಿಟ್ಟರೆ ಕಲಿಕೆ ಸೊರಗುತ್ತದೆ ಎಂದು ವಾದಿಸಿದರು; ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದದ್ದು ಬಹಳ ಕಡಿಮೆ, ಹೊಸಬರಿಗೆ ಎಲ್ಲವೂ ಒಟ್ಟಿಗೆ ಭಾರವಾಗುತ್ತದೆ ಎಂಬುದು ಅವರ ಕಾರಣ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಗರಗಸ ಹಿಡಿಯುವುದನ್ನು ನಾನು ನೇರವಾಗಿ ಕಲಿಸುತ್ತೇನೆ, ಭಾಗಾಕಾರವನ್ನೂ ನೇರವಾಗಿಯೇ ಕಲಿಸಿರುತ್ತೇನೆ. ಆ ಎರಡೂ ಕೈಗೆ ಒಗ್ಗಿದ ಮಕ್ಕಳಿಗೆ ಮಾತ್ರ ಮರದ ಪುಡಿ ಪ್ರಶ್ನೆಯಾಗಿ ಕಾಣಲು ಸಾಧ್ಯ. ಏನನ್ನೂ ಕಲಿಸದೆ ಬಣ್ಣದ ಕಾಗದ ಅಂಟಿಸಿ ಗೋಡೆಗೆ ಹಚ್ಚುವುದನ್ನೇ ಮಾಡಿ ಕಲಿಯುವುದು ಎಂದು ಕರೆಯುವ ಕಡೆ ತಾವು ನಷ್ಟ ಎಂಬ ಷರಾ ಬರೆದರೆ ನನ್ನ ತಕರಾರಿಲ್ಲ. ಆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಯಾರಾದರೂ ಒಳಗೆ ಬಂದು ಕೂರಬೇಕು.

ಆದ್ದರಿಂದ ನನ್ನ ಪ್ರಾರ್ಥನೆ ಹೀಗಿದೆ. ಮುಂದಿನ ತಪಾಸಣೆಗೆ ಒಂದು ಪೂರ್ತಿ ದಿನ ಮೀಸಲಿಡಿ. ಮುಗಿದ ವಸ್ತುಗಳನ್ನು ನಾವು ತೋರಿಸುತ್ತೇವೆ, ಅವು ಅಂದವಾಗಿಯೇ ಇರುತ್ತವೆ. ಅವುಗಳನ್ನು ಬಿಟ್ಟು, ಕೆಟ್ಟುಹೋದದ್ದನ್ನು ತೋರಿಸಿ ಎಂದು ಮಕ್ಕಳನ್ನೇ ಕೇಳಿ. ಏಕೆ ಕೆಟ್ಟಿತು, ಹೇಗೆ ಗೊತ್ತಾಯಿತು, ಆಮೇಲೆ ಏನು ಮಾಡಿದಿರಿ ಎಂದು ಕೇಳಿ. ಅವರ ಕೆಲಸದ ಪುಸ್ತಕದಲ್ಲಿ ಅದರ ಲೆಕ್ಕವೂ ಚಿತ್ರವೂ ಇದೆಯೇ ನೋಡಿ. ಸಭೆಯ ನಡಾವಳಿ ಪುಸ್ತಕವನ್ನು ಹಾಜರಿ ಪುಸ್ತಕದಷ್ಟೇ ಎಚ್ಚರಿಕೆಯಿಂದ ತಿರುವಿ, ಒಂದು ನಿಯಮ ಹೇಗೆ ಹುಟ್ಟಿತು, ಯಾರು ವಿರೋಧಿಸಿದರು, ಯಾವಾಗ ಬದಲಾಯಿತು ಎಂಬುದನ್ನು ಹಿಂಬಾಲಿಸಿ. ಉತ್ತರ ಸಿಗದಿದ್ದರೆ ನಷ್ಟ ಎಂದು ಬರೆಯಿರಿ, ನಾವು ಆ 7 ಗಂಟೆಗಳನ್ನು ತುಂಬಿಕೊಡುತ್ತೇವೆ. ಸಿಕ್ಕರೆ ಅವನ್ನು ಬೋಧನಾ ಅವಧಿ ಎಂದು ನಮೂದಿಸಿ. ಜೊತೆಗೆ, ಇದನ್ನೆಲ್ಲ ಎಲ್ಲ ಶಾಲೆಗಳಿಗೂ ಒಂದೇ ಸುತ್ತೋಲೆಯಲ್ಲಿ ಕಡ್ಡಾಯ ಮಾಡಬೇಡಿ ಎಂದೂ ಬೇಡಿಕೊಳ್ಳುತ್ತೇನೆ. ಉಪಕರಣವೂ ಇಲ್ಲದ, ತರಬೇತಾದ ಶಿಕ್ಷಕರೂ ಇಲ್ಲದ ಕಡೆ ಅದು ದಾಖಲೆಗಾಗಿ ತುಂಬುವ ಇನ್ನೊಂದು ನಮೂನೆಯಾಗುತ್ತದೆ. ಮಾಡಬಯಸುವವರಿಗೆ ಅಡ್ಡಿಯಾಗಿರುವ ಕಾಲಂ ಒಂದನ್ನು ತಿದ್ದಿದರೆ ಈಗಕ್ಕೆ ಸಾಕು.

ನಮ್ಮ ಸಭೆ ಪ್ರತಿ ಶುಕ್ರವಾರ ಬೆಳಿಗ್ಗೆ ಮೊದಲ ಅವಧಿಯಲ್ಲಿ ನಡೆಯುತ್ತದೆ, ಮುಂಚಿತವಾಗಿ ತಿಳಿಸದೆಯೂ ಬರಬಹುದು. ಅದು ಮುಗಿದ ಮೇಲೆ ಕೆಲಸದ ಕೋಣೆ ತೆರೆದಿರುತ್ತದೆ. ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಕೆಳಗಿನಿಂದ ಎರಡನೆಯ ಹಲಗೆಯ ಎರಡೂ ಬದಿಗೆ ನಾಲ್ಕು ನಾಲ್ಕು ಮಿಲಿಮೀಟರ್ ಸಂದು ಕಾಣುತ್ತದೆ. ಅದನ್ನು ಮಾಡಿದ ಮಕ್ಕಳು ಈಗ ಎಂಟನೆಯ ತರಗತಿಯಲ್ಲಿದ್ದಾರೆ. ಆ ಸಂದಿನ ಬಗ್ಗೆ ಅವರನ್ನೇ ಕೇಳಬಹುದು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ